ಚರ್ಮದ ಗಂಟು, ಐಎಚ್‌ಸಿ ಸ್ಟೇನ್: ಪೆಥಾಲಜಿ ಡಾಕ್ಟರನ್ನು ಕೇಳಿ

ಅಡ್ಮಿನ್: ಇವತ್ತು ರಾತ್ರಿ 8ರಿಂದ ಪೆಥಾಲಜಿ ಮೇಡಂ ನಮ್ಮ ಜೊತೆ ಇರ್ತಾರೆ. ಚರ್ಮದ ಗಡ್ಡೆ, ಬಯಾಪ್ಸಿ ರಿಪೋರ್ಟ್ ಬಗ್ಗೆ ಮಾತ್ರ ಕೇಳಿ. ಫೋಟೋದಲ್ಲಿ ರೋಗಿಯ ಹೆಸರು ಮುಚ್ಚಿ ಹಾಕಿ.

ಸದಸ್ಯೆ, ತುಮಕೂರು: ನಮಸ್ತೆ ಮೇಡಂ. ಬಯಾಪ್ಸಿ ಮಾಡಿಸಿದ್ರೆ ಕ್ಯಾನ್ಸರ್ ಹರಡುತ್ತೆ ಅಂತಾರಲ್ಲ, ನಿಜಾನಾ?

ಮೇಡಂ: ಚರ್ಮದ ಬಯಾಪ್ಸಿಯಿಂದ ಹರಡಲ್ಲಮ್ಮ. ಧೈರ್ಯವಾಗಿ ಮಾಡಿಸಿ.

ಸದಸ್ಯ, ಹಾಸನ: ಅಮ್ಮನ ಮೂಗಿನ ಪಕ್ಕದ ಗುಳ್ಳೆಗೆ ‘ಬೇಸಲ್ ಸೆಲ್ ಅಥವಾ ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ, ಐಎಚ್‌ಸಿ ಮಾಡಿಸಿ’ ಅಂತ ಬಂದಿದೆ. ಮತ್ತೆ ಕುಯ್ಯಬೇಕಾ?

ಮೇಡಂ: ಬೇಡ, ಅದೇ ಬ್ಲಾಕಿನಿಂದ, ಅಂದರೆ ತೆಗೆದ ತುಂಡನ್ನು ಮೇಣದಲ್ಲಿ ಹುದುಗಿಸಿಟ್ಟ ಅಚ್ಚಿನಿಂದ ಆಗುತ್ತೆ. ಎರಡೂ ಚರ್ಮದ ಕ್ಯಾನ್ಸರೇ, ಯಾವುದು ಅಂತ ತಿಳಿಯಲು ಐಎಚ್‌ಸಿ, ಅಂದರೆ ಜೀವಕೋಶದ ಪ್ರೋಟೀನಿಗೆ ಬಣ್ಣ (ಸ್ಟೇನ್) ಹಿಡಿಸಿ ನೋಡುವ ಪರೀಕ್ಷೆ. ಬರ್‌ಇಪಿ4 ಅನ್ನುವ ಸ್ಟೇನ್ ಬೇಸಲ್ ಸೆಲ್‌ನಲ್ಲಿ ಹಿಡಿಯುತ್ತೆ, ಸ್ಕ್ವೇಮಸ್‌ನಲ್ಲಿ ಹಿಡಿಯಲ್ಲ. ಇಎಂಎ ಅನ್ನುವ ಇನ್ನೊಂದು ಸ್ಟೇನ್ ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ.

ಸದಸ್ಯ, ದಾವಣಗೆರೆ: ಮೇಡಂ, ನನ್ನ ತಮ್ಮನಿಗೆ 34 ವರ್ಷ. ಭುಜದ ಮೇಲಿನ ಗಂಟು 2022ರಲ್ಲಿ ತೆಗೆಸಿದ್ವಿ. ರಿಪೋರ್ಟ್ ಡರ್ಮಟೋಫೈಬ್ರೋಮಾ, ಏನೂ ಭಯ ಇಲ್ಲ ಅಂದ್ರು. ಈಗ ಅದೇ ಹೊಲಿಗೆ ಗುರುತಿನಲ್ಲಿ ನಿಂಬೆಹಣ್ಣಿನಷ್ಟು ಬೆಳೆದಿದೆ. ಮೇಲಿಂದ ಒಂದು ಚೂರು ತೆಗೆದು ನೋಡಿ ಮತ್ತೆ ಅದೇ ಹೆಸರು ಬರೆದಿದ್ದಾರೆ. ಸ್ಟೇನ್ ಮಾಡಿಲ್ಲ. ಸೋಮವಾರ ಆಪರೇಷನ್.

ಮೇಡಂ: ನೋಡಪ್ಪ, ಇದನ್ನು ಓದಿ ನನಗೆ ಆತಂಕವಾಯಿತು. ಡರ್ಮಟೋಫೈಬ್ರೋಮಾ ನಿರುಪದ್ರವಿ. ಆದರೆ ಅದನ್ನೇ ಹೋಲುವ ಇನ್ನೊಂದು ಗಡ್ಡೆಯಿದೆ, ಡರ್ಮಟೋಫೈಬ್ರೋಸಾರ್ಕೋಮಾ ಪ್ರೊಟ್ಯೂಬರನ್ಸ್. ನಾವು ಡಿಎಫ್‌ಎಸ್‌ಪಿ ಅನ್ನುತ್ತೇವೆ. ದೂರದ ಅಂಗಕ್ಕೆ ಹರಡುವುದು ಅಪರೂಪ, ಆದರೆ ಚರ್ಮದ ಕೆಳಗಿನ ಕೊಬ್ಬಿನೊಳಗೆ ಗರಿಕೆ ಬೇರಿನ ಹಾಗೆ ಇಳಿದಿರುತ್ತೆ. ಕಣ್ಣಿಗೆ ಕಂಡ ಗಂಟನ್ನಷ್ಟೇ ತೆಗೆದರೆ ಮತ್ತೆ ಚಿಗುರುತ್ತೆ.

ಎರಡರಲ್ಲೂ ಕದಿರಿನಂಥ ಉದ್ದುದ್ದ ಜೀವಕೋಶಗಳೇ ಇರುವುದು. ಅನುಮಾನ ಬಂದಾಗ ಬ್ಲಾಕಿನಿಂದ ತೆಳು ಪದರ ಕತ್ತರಿಸಿ, ಒಂದು ಪ್ರೋಟೀನನ್ನು ಮಾತ್ರ ಹಿಡಿಯುವ ಆಂಟಿಬಾಡಿ ಹಾಕುತ್ತೇವೆ. ಹಿಡಿದ ಕಡೆ ಕಂದು ಬಣ್ಣ ಬರುತ್ತೆ. ಡಿಎಫ್‌ಎಸ್‌ಪಿಯಲ್ಲಿ ಸಿಡಿ34 ಸಾಮಾನ್ಯವಾಗಿ ಗಡ್ಡೆಯ ಉದ್ದಗಲಕ್ಕೂ ಹಿಡಿಯುತ್ತೆ, ಡರ್ಮಟೋಫೈಬ್ರೋಮಾದಲ್ಲಿ ಫ್ಯಾಕ್ಟರ್ 13ಎ.

ಇಷ್ಟೇ ಆಗಿದ್ದರೆ ನನ್ನ ಕೆಲಸ ಸುಲಭವಿತ್ತು. ಡರ್ಮಟೋಫೈಬ್ರೋಮಾದ ಅಂಚಿನಲ್ಲೂ ಸಿಡಿ34 ಬರಬಹುದು. ಡಿಎಫ್‌ಎಸ್‌ಪಿ ಉಗ್ರವಾಗಿ ತಿರುಗಿದ ಭಾಗದಲ್ಲಿ ಅದು ಮಾಸಿಹೋಗಬಹುದು. ಮೆಲನೋಮಾದ (ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳ ಕ್ಯಾನ್ಸರ್) ಒಂದು ಬಗೆಯೂ ಗಾಯದ ಕಲೆಯ ವೇಷದಲ್ಲಿ ಬರುತ್ತೆ, ಅದಕ್ಕೇ ಎಸ್100, ಸಾಕ್ಸ್10 ಸ್ಟೇನ್ ಕೂಡ ಬೇಕು. ಆಮೇಲೂ ಗೊಂದಲ ಉಳಿದರೆ ಜೀನ್‌ನಲ್ಲಾದ ಬದಲಾವಣೆ ನೋಡುವ ಫಿಶ್ ಪರೀಕ್ಷೆ. ಡಿಎಫ್‌ಎಸ್‌ಪಿಯಲ್ಲಿ 17 ಮತ್ತು 22ನೇ ಕ್ರೋಮೋಸೋಮಿನ ಎರಡು ಜೀನ್ ಬೆಸೆದುಕೊಂಡಿರುತ್ತವೆ.

ಮೇಲಿಂದ ತೆಗೆದ ಚೂರಿನಲ್ಲಿ ಕೊಬ್ಬು ಇತ್ತಾ? ಇಲ್ಲದಿದ್ದರೆ ಆ ರಿಪೋರ್ಟ್ ನೆಚ್ಚಿಕೊಳ್ಳಬೇಡಿ. ನಾಳೆಯೇ ಸರ್ಜನ್ ಹತ್ತಿರ ಹೋಗಿ, ಹೆಸರು ಖಚಿತವಾಗುವವರೆಗೆ ಆಪರೇಷನ್ ಮುಂದಕ್ಕೆ ಹಾಕಲು ಕೇಳಿ. ಡಿಎಫ್‌ಎಸ್‌ಪಿ ಆದರೆ ಸುತ್ತ 2–3 ಸೆಂ.ಮೀ. ಒಳ್ಳೆಯ ಚರ್ಮವನ್ನೂ ಸೇರಿಸಿ ಆಳಕ್ಕೆ ತೆಗೆಯಬೇಕಾಗುತ್ತೆ. ಆ ಆಪರೇಷನ್ನೇ ಬೇರೆ. 2022ರ ಬ್ಲಾಕ್ ಎಲ್ಲಿದೆ ವಿಚಾರಿಸಿ.

ಸದಸ್ಯ, ಮಂಡ್ಯ: ಫಾರ್ವರ್ಡ್ ಬಂದಿದ್ದು: ‘ಕಳ್ಳಿ ಹಾಲಿಗೆ ಸುಣ್ಣ ಕಲಸಿ ಮೂರು ದಿನ ಹಚ್ಚಿ, ಗಂಟು ಬೇರು ಸಮೇತ ಉದುರುತ್ತೆ.’

ಮೇಡಂ: ದಯವಿಟ್ಟು ಅಳಿಸಿ. ಸುಣ್ಣ ಮೇಲಿನ ಚರ್ಮ ಸುಡುತ್ತೆ, ಕೆಳಗಿನ ಗಡ್ಡೆ ಬೆಳೆಯುತ್ತಲೇ ಇರುತ್ತೆ. ಸತ್ತ ಅಂಗಾಂಶಕ್ಕೆ ಸ್ಟೇನ್ ಎಲ್ಲೆಂದರಲ್ಲಿ ಅಂಟುತ್ತೆ, ನಮಗೆ ಓದಲಿಕ್ಕೇ ಆಗಲ್ಲ.

ಸದಸ್ಯ, ಹುಬ್ಬಳ್ಳಿ: ಎಲ್ಲಾ ರೊಕ್ಕದ ಆಟ ರೀ. ಒಂದ ಗಂಟಿಗೆ ನಾಕ ಸ್ಟೇನ್ ಯಾಕ ಬೇಕು?

ಲ್ಯಾಬ್ ಟೆಕ್ನೀಷಿಯನ್, ಮಂಗಳೂರು: ಯಾಕೆ ಅಂತ ಮೇಡಂ ಈಗಷ್ಟೇ ಬರೆದಿದ್ದಾರೆ, ಓದಿ. ಪ್ರತಿ ಸಲ ಸ್ಟೇನ್ ಸರಿ ಹಿಡಿದಿದೆಯಾ ನೋಡ್ಲಿಕ್ಕೆ ಕಂಟ್ರೋಲ್ ಸ್ಲೈಡ್ ಇಡ್ಬೇಕು, ಅದು ಸರಿ ಬರದಿದ್ರೆ ಪುನಃ ಮೊದಲಿಂದ ಮಾಡ್ಬೇಕು, ಗೊತ್ತುಂಟಾ ನಿಮಗೆ?

ಸದಸ್ಯ, ಹುಬ್ಬಳ್ಳಿ: ನಮ್ಮ ಮಾವನವ್ರಿಗೆ ಎರಡ ಸಲ ಮಾಡ್ಸಿದ್ವಿ, ಎರಡೂ ಸಲ ‘ಹೇಳಾಕ ಬರೂದಿಲ್ಲ’ ಅಂದ್ರು. ಅದಕ್ಕ ರೊಕ್ಕ ಕೊಡಬೇಕೇನು?

ಲ್ಯಾಬ್ ಟೆಕ್ನೀಷಿಯನ್, ಮಂಗಳೂರು: ತುಂಡನ್ನು ಯಾವುದರಲ್ಲಿ ಹಾಕಿ ಕಳಿಸಿದ್ರು? ಕೊಳೆಯದ ಹಾಗೆ ಕಾಪಾಡುವ ಫಾರ್ಮಲಿನ್ ಬಿಟ್ಟು ಸಲೈನ್‌ನಲ್ಲಿ (ಉಪ್ಪುನೀರು) ಹಾಕಿ ಮರುದಿನ ತರ್ತಾರೆ, ಅಷ್ಟರಲ್ಲಿ ಕೊಳೆತಿರ್ತದೆ. ಆಮೇಲೆ ಬೈಗುಳ ನಮಗೆ.

ಸದಸ್ಯ, ಹುಬ್ಬಳ್ಳಿ: ನಿಮ್ಮ ಮಂದಿ ತಪ್ಪ ಒಪ್ಕೊಳ್ಳೂದೇ ಇಲ್ಲ ಬಿಡ್ರಿ.

ಸದಸ್ಯೆ, ಕೋಲಾರ: ಒಂದು ಸ್ಟೇನ್‌ಗೆ ಎಷ್ಟಾಗುತ್ತೆ ಮೇಡಂ?

ಸದಸ್ಯ, ಬೀದರ್: ಬಯಾಪ್ಸಿ ಮಾಡಿದ್ರ ಹರಡತದ ಅಂತಾರಲ್ರಿ?

ಮೇಡಂ: ಇಲ್ಲ. ಮೇಲೆ ಬರೆದಿದ್ದೇನೆ.

ಸದಸ್ಯೆ, ಸಾಗರ: ಅಪ್ಪನ ಅಂಗಾಲಿನಲ್ಲಿ ಕಪ್ಪು ಮಚ್ಚೆ, ಆರು ತಿಂಗಳಿಂದ ಅಗಲ ಆಗ್ತಿದೆ. ಆ ಕಳ್ಳಿ ಹಾಲು ಹಚ್ಚಿ ನೋಡ್ಲಾ?

ಮೇಡಂ: ಬೇಡ, ಏನನ್ನೂ ಹಚ್ಚಬೇಡಿ! ನಮ್ಮ ಜನರಲ್ಲಿ ಮೆಲನೋಮಾ ಬಂದರೆ ಹೆಚ್ಚಾಗಿ ಅಂಗಾಲಿನಲ್ಲೇ. ನಾಳೆ ಬೆಳಿಗ್ಗೆ ಚರ್ಮದ ಡಾಕ್ಟರಿಗೆ ತೋರಿಸಿ. ಮಂಡ್ಯದವರೇ, ನಿಮ್ಮ ಫಾರ್ವರ್ಡ್ ಇನ್ನೂ ಇಲ್ಲೇ ಇದೆ. ಒಬ್ಬ ಮಗಳು ಅದನ್ನು ನೋಡಿ ಅಪ್ಪನ ಕಾಲು ಸುಡಲು ಹೊರಟಿದ್ದಾಳೆ.

ಸದಸ್ಯ, ಮಂಡ್ಯ: ನಮ್ಮಜ್ಜಿ ಕಾಲದಿಂದ್ಲೂ ಹಚ್ತಾವ್ರೆ. ಯಾಕೆ ಸಿಟ್ಟು ಮಾಡ್ಕೋತೀರ?

ಅಡ್ಮಿನ್: ಅಳಿಸಿದ್ದೇನೆ. ಈ ಚರ್ಚೆ ಇಲ್ಲಿಗೆ ನಿಲ್ಲಿಸಿ.

ಸದಸ್ಯೆ, ಗದಗ: ಬಯಾಪ್ಸಿಯಿಂದ ಹರಡತೈತೇನ್ರಿ?

ಮೇಡಂ: ಮೂರನೇ ಸಲ. ಇಲ್ಲ.

ಸದಸ್ಯ, ದಾವಣಗೆರೆ: ಮೇಡಂ, ಲ್ಯಾಬಿಗೆ ಫೋನ್ ಮಾಡಿದ್ದೆ. 2022ರ ಬ್ಲಾಕ್ ಇದೆಯಂತೆ. ಎರಡನೇ ರಿಪೋರ್ಟಿನಲ್ಲಿ ಕೊಬ್ಬಿನ ಮಾತೇ ಇಲ್ಲ. ಸರ್ಜನ್ ಸೋಮವಾರದ್ದು ಮುಂದಕ್ಕೆ ಹಾಕಲು ಒಪ್ಪಿದರು.

ಮೇಡಂ: ಒಳ್ಳೆಯದಾಯಿತು. ಎರಡೂ ಬ್ಲಾಕ್, ಎಲ್ಲ ಸ್ಲೈಡ್ ಇಸ್ಕೊಂಡು ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ. ಕೊರಿಯರ್‌ಗೆ ಹಾಕಬೇಡಿ, ಕೈಯಲ್ಲೇ ಒಯ್ಯಿರಿ. ಬಿಸಿಲಿಗೆ ನಿಂತ ಕಾರಿನಲ್ಲಿ ಇಡಬೇಡಿ, ಮೇಣ ಕರಗುತ್ತೆ.