ಅಮ್ಮನ ಮರೆವಿಗೂ ಶುಗರ್‌ಗೂ ಸಂಬಂಧ ಇದೆಯಾ?

ಪ್ರಶ್ನೆ: ಅಮ್ಮನಿಗೆ 76 ವರ್ಷ. ಶುಗರ್ ಹಳೆಯದು. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆಗಳು ಎರಡೂ ಇವೆ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 6.2 ಬಂದಿದೆ, ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ಆದರೆ ಮರೆವು ಜಾಸ್ತಿ ಆಗಿದೆ. ಕೆಲವು ಸಂಜೆ ಮಂಕಾಗಿ ಕೂತುಬಿಡುತ್ತಾರೆ. ನಿಮ್ಮ ಮನೆಗಳಲ್ಲಿ ಹೀಗಾಗಿದೆಯಾ?

ಉತ್ತರ: ನಮ್ಮ ಮಾವನವರಿಗೆ ಹೀಗೇ ಆಗುತ್ತಿತ್ತು. ಅಮ್ಮ ಮಂಕಾದಾಗ ತಡ ಮಾಡದೆ ಆಗಲೇ ಮೀಟರ್‌ನಲ್ಲಿ ನೋಡಿ. ಮಾವನವರಿಗೆ ನೋಡಿದರೆ 58 ಇತ್ತು. 70ಕ್ಕಿಂತ ಕೆಳಗಿದ್ದರೆ ಲೋ ಶುಗರ್. ವಯಸ್ಸಾದವರಿಗೆ ಬೆವರು, ನಡುಕ ಬರದೆಯೂ ಇರಬಹುದು. ಬರೀ ಗೊಂದಲ, ತಲೆಸುತ್ತು, ಸಿಡುಕು. ನೋಡಿದವರು ವಯಸ್ಸಿನ ಮರೆವು ಅಂದುಕೊಳ್ಳುತ್ತಾರೆ, ಅಲ್ವಾ? ಗ್ಲಿಮೆಪಿರೈಡ್ ಶುಗರ್ ಇಳಿಸುವುದರಲ್ಲಿ ಜೋರು. ಕಿಡ್ನಿ ಸೋತಿದ್ದರೆ ಅದರ ಪರಿಣಾಮ ಇನ್ನೂ ಹೆಚ್ಚು ಹೊತ್ತು ಇರುತ್ತದೆ.

ಲೋ ಆದಾಗ ನುಂಗುವಷ್ಟು ಎಚ್ಚರ ಇದ್ದರೆ 15 ಗ್ರಾಂ ಗ್ಲೂಕೋಸ್ ಕೊಡಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಗ್ಲಿಮೆಪಿರೈಡ್ ನುಂಗಿ ಬಂದ 6.2 ನೋಡಿದರೆ ನನಗಂತೂ ಭಯವೇ ಆಗುತ್ತದೆ. ಮರೆವು ಶುರುವಾದ ಹಿರಿಯರಿಗೆ ಎಚ್‌ಬಿಎ1ಸಿ 8ರ ಒಳಗಿದ್ದರೆ ಸಾಕು ಎಂದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಹೇಳುತ್ತದೆ. 2011ರಲ್ಲಿ ಬಂದ ಅಕಾರ್ಡ್ ಮೈಂಡ್ ಅಧ್ಯಯನದಲ್ಲಿ ಒಂದು ಗುಂಪಿಗೆ 6ರ ಒಳಗೆ ಇಳಿಸಲು ಗಟ್ಟಿ ಚಿಕಿತ್ಸೆ ಕೊಟ್ಟರು. 40 ತಿಂಗಳಾದರೂ ನೆನಪು, ಯೋಚನೆಯ ಚುರುಕಿನಲ್ಲಿ ಲಾಭ ಕಾಣಲಿಲ್ಲ. ಲೋ ಶುಗರ್‌ನಿಂದ ಬೀಳುವ ಅಪಾಯ ಬೇರೆ. ಮಾತ್ರೆ ನೀವೇ ನಿಲ್ಲಿಸಬೇಡಿ. ಮೀಟರ್‌ನ ಅಂಕಿಗಳನ್ನು ಸಮಯದ ಜೊತೆ ಬರೆದುಕೊಂಡು ಡಾಕ್ಟರಿಗೆ ತೋರಿಸಿ, ಡೋಸ್ ಇಳಿಸಬಹುದಾ ಎಂದು ನೇರವಾಗಿ ಕೇಳಿ. ಮಾವನವರ ಮಾತ್ರೆ ಬದಲಾದ ಮೇಲೆ ಸಂಜೆಯ ಮಂಕು ಹೋಯಿತು.

ಇನ್ನೊಬ್ಬರು: ವಿಟಮಿನ್ ಬಿ12 ಪರೀಕ್ಷೆಯನ್ನೂ ಮಾಡಿಸಿ. ಬಹಳ ವರ್ಷ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಅದು ಕಡಿಮೆ ಆಗಬಹುದು, ಅದರಿಂದಲೂ ಮರೆವು ಬರುತ್ತದೆ. ನಮ್ಮ ತಾಯಿಗೆ ಇಂಜೆಕ್ಷನ್ ಕೊಟ್ಟ ಮೇಲೆ ಕಾಲಿನ ಜೋಮು ಇಳಿಯಿತು, ಮರೆವು ಸ್ವಲ್ಪವೇ ಸುಧಾರಿಸಿತು. ಥೈರಾಯ್ಡ್ ಕೂಡ ನೋಡಿಸಿ.

ಮತ್ತೊಬ್ಬರು: ಹಾಗಂತ ಶುಗರ್ ಏರಲು ಬಿಡುವುದೂ ಬೇಡ. ವರ್ಷಗಟ್ಟಲೆ ಜಾಸ್ತಿ ಇದ್ದರೆ ಮೆದುಳಿನ ಸಣ್ಣ ರಕ್ತನಾಳಗಳು ಹಾಳಾಗುತ್ತವೆ. ಬಿಪಿಯೂ ಹಿಡಿತದಲ್ಲಿರಲಿ. ಇನ್ನೊಂದು, ಅಮ್ಮ ಮಾತ್ರೆಯನ್ನು ತಾವೇ ತೆಗೆದುಕೊಳ್ಳುತ್ತಾರಾ? ಮರೆವಿನಲ್ಲಿ ಎರಡು ಸಲ ನುಂಗಿರಬಹುದು. ವಾರದ ಮಾತ್ರೆ ಡಬ್ಬಿ ತಂದು, ದಿನಾ ನೀವೇ ಕೈಗೆ ಕೊಡಿ. ಊಟ ಮಾಡದ ಹೊತ್ತಿನಲ್ಲಿ ಗ್ಲಿಮೆಪಿರೈಡ್ ಕೊಡಬೇಕಾ ಎಂದು ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ.