ಹಳೆಯ ಕಾಸ್ಮಿಕ್ ಹಾರರ್ ಅಡ್ವೆಂಚರ್ ಆಟಗಳ ಮರುಬಿಡುಗಡೆ: ಅನುಭವವಿರುವವರು ದಯವಿಟ್ಟು ತಿಳಿಸಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕೆಲವು ಸ್ನೇಹಿತರು ಸೇರಿ ಒಂದು ಸಣ್ಣ ತಂಡ ಕಟ್ಟಿಕೊಂಡಿದ್ದೇವೆ. ತೊಂಬತ್ತರ ದಶಕದ ಆರಂಭದಲ್ಲಿ ಡಾಸ್ ಎಂಬ ಹಳೆಯ ಕಂಪ್ಯೂಟರ್ ಕಾರ್ಯವ್ಯವಸ್ಥೆಗೆಂದು ಬಂದು, ಈಗ ಎಲ್ಲಿಯೂ ಕೊಳ್ಳಲು ಸಿಗದ ಒಂದು ಅಡ್ವೆಂಚರ್ ಆಟದ ಹಕ್ಕುದಾರರೊಡನೆ ಮಾತುಕತೆ ನಡೆಸುತ್ತಿದ್ದೇವೆ. ಅದು ಅಮೆರಿಕದ ಭಯಾನಕ ಕಥೆಗಾರ ಎಚ್. ಪಿ. ಲವ್‌ಕ್ರಾಫ್ಟ್ ಅವರ ಕಥೆಗಳ ಜಾಡಿನಲ್ಲಿ ಸಾಗುವ, ಮನುಷ್ಯನ ಅಳವಿಗೆ ಮೀರಿದ ಶಕ್ತಿಗಳ ಭಯವನ್ನು ಮೆಲ್ಲಗೆ ಕಟ್ಟುತ್ತ ಹೋಗುವ 'ಕಾಸ್ಮಿಕ್ ಹಾರರ್' ಆಟ. ವಿಂಡೋಸ್ 11 ಮತ್ತು ಲಿನಕ್ಸ್ ಎರಡರಲ್ಲೂ ನಡೆಯುವಂತೆ ಮಾಡಿ ಅದನ್ನು ಮರುಬಿಡುಗಡೆ ಮಾಡಬೇಕೆಂದಿದ್ದೇವೆ. ಸೋರ್ಸ್ ಕೋಡ್ (ಪ್ರೋಗ್ರಾಮರ್‌ಗಳು ಬರೆದ ಮೂಲ ಪಠ್ಯ) ಸಿಗುವ ಭರವಸೆ ಇಲ್ಲ. ಎಲ್ಲಿಂದ ಆರಂಭಿಸಬೇಕು, ಯಾವುದನ್ನು ಬದಲಿಸಬಹುದು, ಯಾವುದನ್ನು ಮುಟ್ಟಬಾರದು ಎಂಬುದನ್ನು ಈ ಕೆಲಸ ಮಾಡಿದವರಿಂದ ತಿಳಿಯುವ ಅಪೇಕ್ಷೆ.

ಮೊದಲ ಉತ್ತರ

ಹಳೆಯ ಆಟಗಳ ಮರುಬಿಡುಗಡೆಯಲ್ಲಿ ಪರೀಕ್ಷಕನಾಗಿ ಕೆಲಸ ಮಾಡಿದ ಅನುಭವದಿಂದ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಮೂಲ ಆಟದ ಕಡತಗಳಲ್ಲಿ ಒಂದು ಬೈಟ್ ಕೂಡ ಬದಲಾಗದಂತೆ ಇಟ್ಟುಕೊಂಡು, ಅದರ ಸುತ್ತಲಿನ ವ್ಯವಸ್ಥೆಯನ್ನು ಮಾತ್ರ ಹೊಸದಾಗಿ ಕಟ್ಟಿ. ಈ ಬಗೆಯ ಆಟಗಳಲ್ಲಿ ಹೆದರಿಕೆ ಹುಟ್ಟುವುದು ಕಥೆಯಿಂದ ಮಾತ್ರವಲ್ಲ. ಮಸುಕಾದ ಚಿತ್ರ, ನಮ್ಮ ಹಿಡಿತದಲ್ಲಿಲ್ಲದ ಕ್ಯಾಮೆರಾ, ನಿಧಾನವಾದ ನಡಿಗೆ ಇವೆಲ್ಲವೂ ಸೇರಿಯೇ ಅದು ಹುಟ್ಟುತ್ತದೆ. 'ಸುಧಾರಣೆ' ಎಂದು ಇವುಗಳಲ್ಲಿ ಒಂದನ್ನು ತೆಗೆದರೂ ಏನು ಕಳೆದುಹೋಯಿತೆಂದು ಹೊಸ ಆಟಗಾರನಿಗೆ ತಿಳಿಯುವುದೇ ಇಲ್ಲ.

ಆದರೆ ಕೋಡ್‌ಗಿಂತ ಮೊದಲು ಹಕ್ಕುಪತ್ರಗಳನ್ನು ನೋಡಬೇಕು. ಹಕ್ಕು ಎಲ್ಲಿ ಹೋಗಿ ಕುಳಿತಿರುತ್ತದೆಂದು ಊಹಿಸಲಾಗದು. ಸಿಸ್ಟಂ ಶಾಕ್ 2 ಅಡ್ವೆಂಚರ್ ಆಟವಲ್ಲದಿದ್ದರೂ ಇಲ್ಲಿ ಒಳ್ಳೆಯ ನಿದರ್ಶನ. ಅದನ್ನು ತಯಾರಿಸಿದ ಸಂಸ್ಥೆ ಮುಚ್ಚಿಹೋದ ಮೇಲೆ ಹಕ್ಕು ಒಂದು ವಿಮಾ ಕಂಪನಿಯ ಕೈ ಸೇರಿತ್ತು. ಸ್ಟೀಫನ್ ಕಿಕ್ ಅವರು ಆ ಕಂಪನಿಯೊಡನೆ ಮಾತನಾಡಿ ಅನುಮತಿ ಪಡೆದಿದ್ದರಿಂದಲೇ 2013ರಲ್ಲಿ ಆ ಆಟ ಮತ್ತೆ ಮಾರಾಟಕ್ಕೆ ಬಂದಿತು, ಅವರ ನೈಟ್‌ಡೈವ್ ಸಂಸ್ಥೆ ನೆಲೆಗೊಂಡಿತು. ಅದೇ ಸಂಸ್ಥೆ ನೋ ಒನ್ ಲಿವ್ಸ್ ಫಾರೆವರ್ ಆಟಕ್ಕಾಗಿ ಪ್ರಯತ್ನಿಸಿದಾಗ, ಹಕ್ಕು ಇರಬಹುದಾದ ದೊಡ್ಡ ಕಂಪನಿಗಳ ನಡುವೆ ವಿಷಯ ಇತ್ಯರ್ಥವಾಗದೆ ಕೈಬಿಡಬೇಕಾಯಿತು. 2010ಕ್ಕಿಂತ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಈಗ ಮಾರುಕಟ್ಟೆಯಲ್ಲಿ ಲಭ್ಯವಿಲ್ಲವೆಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರ ತನ್ನ ಅಧ್ಯಯನದಲ್ಲಿ ತಿಳಿಸಿದೆ. ಇಂತಹ ಹಕ್ಕಿನ ಗೋಜಲುಗಳಿಗೂ ಅದರಲ್ಲಿ ಪಾಲಿದೆ.

ನಿಮ್ಮ ಆಟದ ವಿಷಯದಲ್ಲಿ ಇನ್ನೂ ಒಂದು ಪದರವಿದೆ. ಲವ್‌ಕ್ರಾಫ್ಟ್ 1937ರಲ್ಲಿ ತೀರಿಕೊಂಡರು. ಲೇಖಕರು ತೀರಿಕೊಂಡ ಮೇಲೆ 60 ವರ್ಷ ಎಂಬ ನಮ್ಮ ದೇಶದ ಲೆಕ್ಕದಲ್ಲಿ ಅವರ ಜೀವಿತಕಾಲದಲ್ಲಿ ಪ್ರಕಟವಾದ ಬರಹಗಳ ಕೃತಿಸ್ವಾಮ್ಯ 1998ರ ಆರಂಭಕ್ಕೇ ಮುಗಿದಿದೆ. 70 ವರ್ಷದ ಲೆಕ್ಕವಿರುವ ಯುರೋಪಿನಲ್ಲಿ 2008ಕ್ಕೆ ಮುಗಿದಿದೆ. ಆದ್ದರಿಂದ ಕಥೆಗಳ ಮಟ್ಟಿಗೆ ಆತಂಕ ಕಡಿಮೆ. ಆದರೆ ಲವ್‌ಕ್ರಾಫ್ಟ್ ಕಥೆಯೊಂದರ ಹೆಸರಾದ 'ಕಾಲ್ ಆಫ್ ಕ್ತುಲ್ಹು' ಎಂಬುದು ಕೆಯಾಸಿಯಂ ಸಂಸ್ಥೆ 1981ರಿಂದ ಹೊರತರುತ್ತಿರುವ ಪಾತ್ರಾಭಿನಯದ ಆಟದ ಹೆಸರೂ ಹೌದು. ಫ್ರಾನ್ಸಿನ ಇನ್ಫೋಗ್ರಾಮ್ಸ್ ಸಂಸ್ಥೆಯ ಶ್ಯಾಡೋ ಆಫ್ ದ ಕಾಮೆಟ್ (1993) ಮತ್ತು ಪ್ರಿಸನರ್ ಆಫ್ ಐಸ್ (1995) ಆಟಗಳು ಕೆಯಾಸಿಯಂನ ಪರವಾನಗಿಯಡಿಯಲ್ಲೇ ಬಂದವು. ನಿಮ್ಮ ಆಟದ ಪೆಟ್ಟಿಗೆಯ ಮೇಲೆ ಅಂತಹ ಹೆಸರೇನಾದರೂ ಇದ್ದರೆ, ಆಟದ ಹಕ್ಕುದಾರರು ಒಪ್ಪಿದ ಮಾತ್ರಕ್ಕೆ ಆ ಹೆಸರನ್ನು ಬಳಸುವ ಅನುಮತಿಯೂ ಬಂದಿತೆಂದು ತಿಳಿಯಬೇಡಿ. ಚಿತ್ರ, ಸಂಗೀತ, ದನಿ ನೀಡಿದವರ ಕರಾರು, ಇವನ್ನೂ ಒಂದೊಂದಾಗಿ ಕೇಳಿ ಬರೆಸಿಕೊಳ್ಳಿ. 1992ರ ಡಾರ್ಕ್ ಸೀಡ್ ಆಟದ ಜೀವವೇ ಸ್ವಿಸ್ ಕಲಾವಿದ ಎಚ್. ಆರ್. ಗೀಗರ್ ಅವರ ಚಿತ್ರಗಳು. ಅದನ್ನು ಹೊರತಂದ ಸೈಬರ್‌ಡ್ರೀಮ್ಸ್ ಸಂಸ್ಥೆ ಮುಚ್ಚಿದೆ, ಗೀಗರ್ 2014ರಲ್ಲಿ ನಿಧನರಾದರು. ಅಂತಹ ಆಟಕ್ಕೆ ಕೈಹಾಕುವವರು ಚಿತ್ರಗಳ ಹಕ್ಕಿನ ಪ್ರಶ್ನೆಯನ್ನು ಬೇರೆಯಾಗಿಯೇ ಎತ್ತಬೇಕಾಗುತ್ತದೆ.

ಇನ್ನು ತಾಂತ್ರಿಕ ಕೆಲಸ. ಸೋರ್ಸ್ ಕೋಡ್ ಇಲ್ಲದಿದ್ದರೆ ನಿಮ್ಮ ಮುಂದೆ ಎರಡು ದಾರಿಗಳಿವೆ. ಒಂದು, ಹಳೆಯ ಕಂಪ್ಯೂಟರ್‌ನಂತೆ ವರ್ತಿಸುವ, ಡಾಸ್‌ಬಾಕ್ಸ್‌ನಂತಹ ಎಮ್ಯುಲೇಟರ್ ತಂತ್ರಾಂಶದೊಳಗೆ ಮೂಲ ಪ್ರೋಗ್ರಾಂ ಅನ್ನೇ ನಡೆಸುವುದು. ಇನ್ನೊಂದು, 2001ರಲ್ಲಿ ಆರಂಭವಾದ ಸ್ಕಮ್‌ವಿಎಂ ಯೋಜನೆ ಮಾಡುವಂತೆ ಆಟದ ಇಂಜಿನ್ನನ್ನು, ಅಂದರೆ ಆಟವನ್ನು ನಡೆಸುವ ಪ್ರೋಗ್ರಾಂ ಅನ್ನು, ಹೊಸದಾಗಿ ಬರೆದು, ಮೂಲ ದತ್ತಾಂಶವನ್ನು ಅದರಿಂದ ಓದಿಸುವುದು. ಎರಡನೆಯದಕ್ಕೆ ತುಂಬ ಕಾಲ ಹಿಡಿಯುತ್ತದೆ. ಇಂಜಿನ್ ಈಗಾಗಲೇ ಅಲ್ಲಿ ಸೇರಿದ್ದರೆ ಮಾತ್ರ ಅದನ್ನು ಆಯ್ದುಕೊಳ್ಳಿ, ಇಲ್ಲವಾದರೆ ಡಾಸ್‌ಬಾಕ್ಸ್ ಸಾಕು. ಎರಡೂ ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯಡಿ ಇರುವುದರಿಂದ, ಮಾರುವ ಪ್ರತಿಯೊಂದಿಗೆ ಪರವಾನಗಿಯ ಪಠ್ಯವನ್ನು ಇಡುವುದು ಮತ್ತು ಆ ತಂತ್ರಾಂಶದ ಸೋರ್ಸ್ ಕೋಡ್ ದೊರೆಯುವಂತೆ ಮಾಡುವುದು ನಿಮ್ಮ ಕರ್ತವ್ಯ. ಹಣ ಪಡೆಯದೆ ಇಷ್ಟು ವರ್ಷ ಈ ಆಟಗಳನ್ನು ಉಳಿಸಿಕೊಂಡು ಬಂದವರ ಶ್ರಮ ಅದರಲ್ಲಿದೆ.

ನಾನು ಅತಿ ಹೆಚ್ಚು ಗೊಂದಲ ಕಂಡಿರುವುದು ಪರದೆಯ ಅಳತೆಯಲ್ಲಿ. ಆ ಕಾಲದ ಆಟಗಳು 320×200 ಚುಕ್ಕೆಗಳಲ್ಲಿ ಬರೆದ ಚಿತ್ರವನ್ನು 4:3 ಅನುಪಾತದ ಗಾಜಿನ ಪರದೆ ತುಂಬುವಂತೆ ತೋರಿಸುತ್ತಿದ್ದವು. ಅಂದರೆ ಪ್ರತಿ ಚುಕ್ಕೆಯೂ ಅಗಲಕ್ಕಿಂತ ಎತ್ತರವಾಗಿ, ಐದಕ್ಕೆ ಆರರ ಪ್ರಮಾಣದಲ್ಲಿ ಕಾಣುತ್ತಿತ್ತು, ಕಲಾವಿದರು ಬರೆದದ್ದೂ ಹಾಗೆ ಕಾಣಲಿ ಎಂದೇ. ಈಗಿನ ಪರದೆಗಳ ಚೌಕ ಚುಕ್ಕೆಗಳಲ್ಲಿ ಅದನ್ನು ನೇರವಾಗಿ ಹಿಗ್ಗಿಸಿದರೆ ಮುಖಗಳು ಚಪ್ಪಟೆಯಾಗುತ್ತವೆ, ಪೂರ್ಣಚಂದ್ರ ಅಡ್ಡಲಾಗಿ ಎಳೆದಂತೆ ಕಾಣುತ್ತಾನೆ. ಅಗಲವನ್ನು ಐದು ಪಟ್ಟು, ಎತ್ತರವನ್ನು ಆರು ಪಟ್ಟು ಮಾಡಿದರೆ 1600×1200ಕ್ಕೆ ಲೆಕ್ಕ ಸರಿಯಾಗಿ ಕೂಡುತ್ತದೆ. ಎತ್ತರದಲ್ಲಿ 1080 ಚುಕ್ಕೆಗಳಿರುವ ಸಾಮಾನ್ಯ ಪರದೆಯಲ್ಲಿ ಅದು ಕೂಡುವುದಿಲ್ಲವಾದ್ದರಿಂದ, ಅಂಚುಗಳನ್ನು ತುಸು ಮೃದುವಾಗಿಸುವ ಶೇಡರ್ (ಚಿತ್ರವನ್ನು ಸಂಸ್ಕರಿಸುವ ಸಣ್ಣ ಪ್ರೋಗ್ರಾಂ) ಒಂದನ್ನು ಮೊದಲೇ ಹೊಂದಿಸಿಟ್ಟು ಕೊಡಿ. ಅನುಪಾತ ಸರಿಪಡಿಸುವ ಸೌಲಭ್ಯ ಡಾಸ್‌ಬಾಕ್ಸ್‌ನಲ್ಲೇ ಇದೆ. ಅದು ಚಾಲೂ ಆಗಿದೆಯೇ ಎಂದು ನೋಡಿ ಕಳುಹಿಸಿದರೆ ಸಾಕು. ಇಷ್ಟನ್ನೂ ನೋಡದೆ ಮಾರಾಟಕ್ಕಿಟ್ಟ ಪ್ರತಿಗಳನ್ನು ನಾನು ಹಣ ಕೊಟ್ಟು ಕೊಂಡಿದ್ದೇನೆ.

ಚಿತ್ರಗಳನ್ನು ಚೊಕ್ಕಟಗೊಳಿಸುವ ಆಸೆಯ ಬಗ್ಗೆಯೂ ಒಂದು ಮಾತು. 1992ರಲ್ಲಿ ಫ್ರೆಡೆರಿಕ್ ರೇನಾಲ್ ಅವರ ತಂಡ ಇನ್ಫೋಗ್ರಾಮ್ಸ್‌ಗಾಗಿ ಮಾಡಿದ ಅಲೋನ್ ಇನ್ ದ ಡಾರ್ಕ್ ಆಟದಲ್ಲಿ, ಡೆರ್ಸೆಟೋ ಬಂಗಲೆಯ ಕೋಣೆಗಳು ಕೈಯಿಂದ ಬರೆದ ಚಿತ್ರಗಳು. ಅವುಗಳ ಮೇಲೆ ಓಡಾಡುವ ಮನುಷ್ಯರು, ಪ್ರಾಣಿಗಳು ಮಾತ್ರ ಬಹುಭುಜಗಳಿಂದಾದ ಮೂರು ಆಯಾಮದ ಆಕೃತಿಗಳು. ಈ ಆಕೃತಿಗಳನ್ನು ಎಷ್ಟು ದೊಡ್ಡ ರೆಸಲ್ಯೂಶನ್‌ನಲ್ಲಾದರೂ ನುಣುಪಾಗಿ ಮೂಡಿಸಬಹುದು, ಆದರೆ ಹಿನ್ನೆಲೆ 320×200ರಲ್ಲೇ ನಿಂತಿರುತ್ತದೆ. ಹಾಗೆ ಮಾಡಿ ನೋಡಿದಾಗ ನಾಯಕ ಆ ಮನೆಯೊಳಗೆ ಇದ್ದಾನೆ ಎಂಬ ಭಾವನೆಯೇ ಹೊರಟುಹೋಗುತ್ತದೆ, ಗೋಡೆಗೆ ಅಂಟಿಸಿದ ಕಾಗದದ ಬೊಂಬೆಯಂತೆ ಕಾಣುತ್ತಾನೆ. ಎರಡೂ ಒಂದೇ ಒರಟುತನದಲ್ಲಿ ಇದ್ದದ್ದರಿಂದಲೇ ಆಟ ಆರಂಭವಾಗುವ ಆ ಅಟ್ಟದ ಕತ್ತಲೆಯನ್ನು ನಂಬುವುದು ಸಾಧ್ಯವಾಗಿತ್ತು. ಆಟದ ಮೊದಲ ನಿಮಿಷಗಳಲ್ಲಿ ಬೀರುವನ್ನು ಕಿಟಕಿಗೆ ಅಡ್ಡವಾಗಿ ತಳ್ಳಬೇಕು, ಪೆಟ್ಟಿಗೆಯನ್ನು ನೆಲದ ಬಾಗಿಲ ಮೇಲೆ ಸರಿಸಬೇಕು. ಗೊತ್ತಿಲ್ಲದವನಿಗೆ ಕಿಟಕಿ ಒಡೆದು ಬರುವ ಪ್ರಾಣಿಯ ದರ್ಶನವಾಗುತ್ತದೆ. ಆ ತಳ್ಳುವ ನಿಧಾನಗತಿಯೇ ಅಲ್ಲಿನ ಹೆದರಿಕೆ. ಆದ್ದರಿಂದ ಎಮ್ಯುಲೇಟರ್‌ನ ಸಿಪಿಯು ವೇಗವನ್ನು 'ಗರಿಷ್ಠ' ಎಂದು ಬಿಟ್ಟುಬಿಡದೆ, ಸಾಧ್ಯವಾದರೆ ಆ ಕಾಲದ 386 ಅಥವಾ 486 ಪ್ರೊಸೆಸರ್ ಇರುವ ಒಂದು ಹಳೆಯ ಕಂಪ್ಯೂಟರ್‌ನಲ್ಲಿ ಅದೇ ದೃಶ್ಯವನ್ನು ಆಡಿ, ಹೊಂದಿಸಿ ನೋಡಿ.

ಎರಡನೆಯ ಉತ್ತರ

ಮೇಲಿನವರು ಕಡತಗಳ ಬಗ್ಗೆ ವಿವರವಾಗಿ ಹೇಳಿದ್ದಾರೆ. ನಾನು ಹಳೆಯ ಆಟಗಳ ಪೆಟ್ಟಿಗೆಗಳನ್ನು ಸಂಗ್ರಹಿಸುವವಳು, ಕಾಗದಗಳ ಬಗ್ಗೆ ಹೇಳಬೇಕು. 1987ರಲ್ಲಿ ಇನ್ಫೋಕಾಂ ಹೊರತಂದ, ಡೇವ್ ಲೆಬ್ಲಿಂಗ್ ಬರೆದ ದ ಲರ್ಕಿಂಗ್ ಹಾರರ್ ಎಂಬ ಪಠ್ಯದ ಆಟವಿದೆ. ಅಮೆರಿಕದ ಎಂಐಟಿಯನ್ನು ಹೋಲುವ ಒಂದು ತಾಂತ್ರಿಕ ವಿದ್ಯಾಲಯದಲ್ಲಿ, ಹಿಮ ಸುರಿಯುವ ರಾತ್ರಿ ನಡೆಯುವ ಕಥೆ. ಆಟಗಾರ ಕಂಪ್ಯೂಟರ್ ಮುಂದೆ ಕುಳಿತಿರುವಲ್ಲಿಂದ ಅದು ಆರಂಭವಾಗುತ್ತದೆ. ಕಂಪ್ಯೂಟರ್ ಅವನ ಗುರುತಿನ ಸಂಖ್ಯೆ ಮತ್ತು ಪಾಸ್‌ವರ್ಡ್ ಕೇಳುತ್ತದೆ. ಅವೆರಡೂ ಆಟದೊಳಗೆ ಎಲ್ಲಿಯೂ ಇಲ್ಲ, ಪೆಟ್ಟಿಗೆಯಲ್ಲಿ ಬರುತ್ತಿದ್ದ ವಿದ್ಯಾರ್ಥಿ ಗುರುತಿನ ಚೀಟಿಯ ಮೇಲಿವೆ. ಚೀಟಿಯಿಲ್ಲದೆ ಕಡತವನ್ನು ಮಾತ್ರ ಕೊಟ್ಟರೆ ಆಟ ಮೊದಲ ಮೇಜಿನಲ್ಲೇ ನಿಂತುಹೋಗುತ್ತದೆ. 1991ರ ಲಾಸ್ಟ್ ಟ್ರೆಷರ್ಸ್ ಆಫ್ ಇನ್ಫೋಕಾಂ ಸಂಕಲನ ತಂದವರು ಇದನ್ನು ಅರಿತು, ಅಂತಹ ಕಾಗದಗಳನ್ನು ಪುಸ್ತಕರೂಪದಲ್ಲಿ ಮತ್ತೆ ಅಚ್ಚು ಹಾಕಿಸಿದ್ದರು. ಮೂವತ್ತು ವರ್ಷಗಳ ಹಿಂದೆಯೇ ಸಾಧ್ಯವಾದದ್ದನ್ನು ಇಂದಿನ ಅನೇಕ ಡಿಜಿಟಲ್ ಮಾರಾಟಗಾರರು ಕಪ್ಪುಬಿಳುಪಿನ ಅಸ್ಪಷ್ಟ ಸ್ಕ್ಯಾನ್ ಒಂದರಲ್ಲಿ ಮುಗಿಸಿಬಿಡುತ್ತಿರುವುದು ನನಗೆ ನೋವಿನ ಸಂಗತಿ.

ಆದ್ದರಿಂದ ನಿಮ್ಮ ಆಟದ ಮೂಲ ಪೆಟ್ಟಿಗೆಯನ್ನು ಸಂಗ್ರಾಹಕರಿಂದ ಎರವಲು ಪಡೆದಾದರೂ ಅದರಲ್ಲಿದ್ದ ಪ್ರತಿ ಹಾಳೆಯನ್ನೂ ಬಣ್ಣದಲ್ಲಿ, 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಆಟದ ಮೆನುವಿನಿಂದಲೇ ತೆರೆಯುವಂತೆ ಇಡಿ. ಎಲ್ಲ ಆವೃತ್ತಿಗಳನ್ನೂ ಹೋಲಿಸಿ ನೋಡಿ. ಲರ್ಕಿಂಗ್ ಹಾರರ್‌ನ ಅಮಿಗಾ ಕಂಪ್ಯೂಟರ್‌ನ ಆವೃತ್ತಿಯಲ್ಲಿ ಶಬ್ದಗಳಿದ್ದವು, ಆಗಿನ ಡಾಸ್ ಆವೃತ್ತಿಯಲ್ಲಿ ಇರಲಿಲ್ಲ. ಕೈಗೆ ಮೊದಲು ಸಿಕ್ಕ ಪ್ರತಿಯೇ ಪೂರ್ಣ ಪ್ರತಿಯಾಗಿರಬೇಕೆಂದಿಲ್ಲ. ಫ್ಲಾಪಿ ಮತ್ತು ಸಿಡಿ ಎರಡರಲ್ಲೂ ಬಂದ ಆಟವಾದರೆ ಸಿಡಿಯಲ್ಲಿ ಪ್ರತ್ಯೇಕ ಆಡಿಯೋ ಟ್ರ್ಯಾಕ್‌ಗಳಿರಬಹುದು. ಕಡತಗಳನ್ನು ಮಾತ್ರ ನಕಲು ಮಾಡಿದರೆ ಅವು ಬರುವುದಿಲ್ಲ, ಇಡೀ ಡಿಸ್ಕ್‌ನ ಇಮೇಜ್ (ಯಥಾವತ್ ನಕಲು) ತೆಗೆಯಬೇಕು.

ಮೂರನೆಯ ಉತ್ತರ

ತಯಾರಿಯ ಅನುಭವ ನನಗಿಲ್ಲ, ಆಟಗಾರನಾಗಿ ಒಂದು ಬೇಡಿಕೆ ಇದೆ. ಶ್ಯಾಡೋ ಆಫ್ ದ ಕಾಮೆಟ್ ಅನ್ನು ಈಚೆಗೆ ಆಡಿದೆ. ಹ್ಯಾಲಿ ಧೂಮಕೇತುವಿನ ಫೋಟೋ ತೆಗೆಯಲು 1910ರಲ್ಲಿ ಇಲ್ಸ್‌ಮೌತ್ ಎಂಬ ಊರಿಗೆ ಬರುವ ಪಾರ್ಕರ್‌ನ ಕಥೆ ಮನಸ್ಸನ್ನು ಹಿಡಿದಿಡುತ್ತದೆ. ಆದರೆ ಅವನನ್ನು ಕೀಬೋರ್ಡಿನ ಬಾಣದ ಕೀಲಿಗಳಿಂದಲೇ ನಡೆಸಬೇಕು; ಯಾವುದಾದರೂ ವಸ್ತುವಿನ ಬಳಿ ಬಂದಾಗ ಅವನ ಕಣ್ಣಿನಿಂದ ಆ ವಸ್ತುವಿಗೆ ಒಂದು ಗೆರೆ ಮೂಡುತ್ತದೆ. ಇದನ್ನು ಯಾರೂ ಹೇಳದಿದ್ದರೆ ಇಂದಿನವರು ಮೌಸ್ ಆಡಿಸಿ, ಆಟ ಕೆಟ್ಟಿದೆಯೆಂದು ಮುಚ್ಚಿಬಿಡುತ್ತಾರೆ. ಆಟವನ್ನು ಬದಲಿಸಬೇಡಿ, ಆದರೆ ಆರಂಭದಲ್ಲಿ ಒಂದು ಪುಟದ ಸೂಚನೆ ಕೊಡಿ. ಹಿಂದೆ ಬಿಟ್ಟುಬಂದ ವಸ್ತುವಿನಿಂದಾಗಿ ಮುಂದೆ ದಾರಿಯೇ ಇಲ್ಲದಂತಾಗುವ ಸ್ಥಳಗಳಿದ್ದರೆ, ಹಲವು ಸೇವ್‌ಗಳನ್ನು ಇಟ್ಟುಕೊಳ್ಳುವಂತೆ ಅಲ್ಲೇ ತಿಳಿಸಿ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಎರಡು ವಿಷಯ ಉಳಿದಿವೆ. ನಮ್ಮಲ್ಲಿ ಕೆಲವರಿಗೆ ಇಡೀ ಆಟವನ್ನೇ ಹೊಸ ಇಂಜಿನ್ನಿನಲ್ಲಿ ಕಟ್ಟುವ ಆಸೆಯಿದೆ, ಅದು ಸೂಕ್ತವೇ? ಕನ್ನಡದ ಅಡಿಬರಹ ಸೇರಿಸಬಹುದೇ?

ಮೊದಲ ಉತ್ತರ ಬರೆದವರು

ಹೊಸದಾಗಿ ಕಟ್ಟುವುದು ತಪ್ಪಲ್ಲ, ಆದರೆ ಅದು ಬೇರೆಯೇ ಕೃತಿ. ಉಕ್ರೇನಿನ ಫ್ರಾಗ್‌ವೇರ್ಸ್ ಸಂಸ್ಥೆ, ಷರ್ಲಾಕ್ ಹೋಮ್ಸ್‌ನನ್ನು ಲವ್‌ಕ್ರಾಫ್ಟ್ ಕಥೆಗಳ ದೈತ್ಯ ಕ್ತುಲ್ಹುವನ್ನು ಆರಾಧಿಸುವ ಪಂಥದ ಎದುರು ನಿಲ್ಲಿಸುವ ತನ್ನದೇ ಹಳೆಯ ಆಟ ದ ಅವೇಕನ್ಡ್ ಅನ್ನು ಯುದ್ಧದ ನಡುವೆಯೇ ಹೊಸದಾಗಿ ಕಟ್ಟಿ 2023ರಲ್ಲಿ ಬಿಡುಗಡೆ ಮಾಡಿತು. ಆ ಸ್ಥೈರ್ಯವನ್ನು ಎಷ್ಟು ಮೆಚ್ಚಿದರೂ ಸಾಲದು. ಅಲೋನ್ ಇನ್ ದ ಡಾರ್ಕ್ ಕೂಡ ಪ್ರಸಿದ್ಧ ನಟರೊಡನೆ 2024ರ ಮಾರ್ಚ್‌ನಲ್ಲಿ ಹೊಸ ರೂಪದಲ್ಲಿ ಬಂದಿತು. ಅದನ್ನು ತಯಾರಿಸಿದ ಸ್ವೀಡನ್ನಿನ ಪೀಸಸ್ ಇಂಟರ್ಯಾಕ್ಟಿವ್ ಅದೇ ವರ್ಷ ಜೂನ್‌ನಲ್ಲಿ ಮುಚ್ಚಿತು. ಸಣ್ಣ ತಂಡ ಆ ಪ್ರಮಾಣದ ಹೊರೆ ಹೊರಬಾರದೆಂದೇ ನನ್ನ ಸಲಹೆ. 1992ರ ಮೂಲ ಆಟ ಡಾಸ್‌ಬಾಕ್ಸ್‌ನೊಳಗೆ ಇಂದಿಗೂ ನಡೆಯುತ್ತಿದೆ.

ತೀರಾ ಹಳೆಯದಲ್ಲದ ಆಟಗಳಿಗೂ ಇದೇ ಎಚ್ಚರ ಬೇಕು. ಹೆಡ್‌ಫಸ್ಟ್ ಸಂಸ್ಥೆಯ ಡಾರ್ಕ್ ಕಾರ್ನರ್ಸ್ ಆಫ್ ದಿ ಅರ್ತ್ 2006ರಲ್ಲಿ ವಿಂಡೋಸ್‌ಗೆ ಬಂದಿತು. ಅದರಲ್ಲಿ ಹಡಗಿನ ಮೇಲಿಂದ ದೂರದ ಬಂಡೆಯ ಮೇಲಿರುವ ಮಾಂತ್ರಿಕರನ್ನು ಫಿರಂಗಿಯಿಂದ ಹೊಡೆಯಬೇಕಾದ ಒಂದು ಘಟ್ಟವಿದೆ. ಹಲವು ಕಂಪ್ಯೂಟರ್‌ಗಳಲ್ಲಿ ಆ ಮಾಂತ್ರಿಕರು ಕಣ್ಣಿಗೇ ಬೀಳುವುದಿಲ್ಲ, ಆಟ ಅಲ್ಲಿಗೇ ನಿಲ್ಲುತ್ತದೆ. ಅದನ್ನು ಸರಿಪಡಿಸಿದ್ದು ಅಭಿಮಾನಿಗಳ ಪ್ಯಾಚ್ (ದೋಷ ತಿದ್ದುವ ಸಣ್ಣ ತಂತ್ರಾಂಶ). ಆರಂಭದ ಪರದೆ ಬಂದಿತೆಂದು ಪರೀಕ್ಷೆ ಮುಗಿಸುವವರಿಗೆ ಇಂತಹ ದೋಷ ಎಂದಿಗೂ ಸಿಗುವುದಿಲ್ಲ. ಪ್ರತಿಯೊಂದು ಬಗೆಯ ಗ್ರಾಫಿಕ್ಸ್ ಕಾರ್ಡಿನಲ್ಲೂ ಆಟವನ್ನು ಕೊನೆಯ ದೃಶ್ಯದವರೆಗೆ ಆಡಿಯೇ ತೀರಬೇಕು. ಅಭಿಮಾನಿಗಳ ಪ್ಯಾಚ್ ಬಳಸುವುದಾದರೆ, ಬರೆದವರ ಒಪ್ಪಿಗೆ ಪಡೆದು, ಹೆಸರು ಹಾಕಿ, ಸಂಭಾವನೆ ಕೊಡಿ.

ಕನ್ನಡ ಅಡಿಬರಹ ಖಂಡಿತ ಸಾಧ್ಯ, ಆದರೆ ಆಟದೊಳಗಿನ ಅಕ್ಷರಪಟ್ಟಿಯ ಮೂಲಕ ಅಲ್ಲ. ಆ ಕಾಲದ ಇಂಜಿನ್ನುಗಳು ಒಂದು ಬೈಟಿಗೆ ಒಂದು ಅಕ್ಷರಚಿತ್ರ ಎಂಬ ಲೆಕ್ಕದಲ್ಲಿ ಎಡದಿಂದ ಬಲಕ್ಕೆ ಜೋಡಿಸುತ್ತ ಹೋಗುತ್ತವೆ; ನಮ್ಮ ಒತ್ತಕ್ಷರಗಳನ್ನು ಕೆಳಗಿಳಿಸಿ ಕೂರಿಸುವುದು ಅವಕ್ಕೆ ತಿಳಿಯದು. ಯಾವ ಸಾಲು ಈಗ ಪರದೆಯ ಮೇಲಿದೆ ಎಂಬುದನ್ನು ಎಮ್ಯುಲೇಟರ್‌ನ ಮೆಮೊರಿಯಿಂದ ಓದಿ, ಅದಕ್ಕೆ ಹೊಂದುವ ಕನ್ನಡ ಸಾಲನ್ನು ಅಕ್ಷರಗಳನ್ನು ಸರಿಯಾಗಿ ಜೋಡಿಸಿಕೊಡುವ ಹಾರ್ಫ್‌ಬಜ್‌ನಂತಹ ತಂತ್ರಾಂಶ ಲೈಬ್ರರಿಯಿಂದ ರೂಪಿಸಿ, ಚಿತ್ರದ ಕೆಳಗಿನ ಖಾಲಿ ಪಟ್ಟಿಯಲ್ಲಿ ತೋರಿಸಿ. ಹೀಗೆ ಮಾಡಿದರೆ ಮೂಲ ಕಡತಗಳನ್ನು ಮುಟ್ಟುವ ಅಗತ್ಯವೇ ಬರುವುದಿಲ್ಲ. ಅನುವಾದಕ್ಕೆ ಹಕ್ಕುದಾರರ ಒಪ್ಪಿಗೆ ಪ್ರತ್ಯೇಕವಾಗಿ ಬೇಕಾಗುವುದರಿಂದ, ಈಗ ನಡೆದಿರುವ ಮಾತುಕತೆಯಲ್ಲೇ ಅದನ್ನೂ ಸೇರಿಸಿಬಿಡಿ. ಕರಾರಿನ ಕರಡು ಸಿದ್ಧವಾದಾಗ ಗುಟ್ಟಿನ ಭಾಗಗಳನ್ನು ಬಿಟ್ಟು ಉಳಿದದ್ದನ್ನು ಇಲ್ಲಿ ಹಾಕಿದರೆ, ನಾವೆಲ್ಲ ಓದಿ ಅಭಿಪ್ರಾಯ ತಿಳಿಸುತ್ತೇವೆ.