ಸೈನ್ಸ್ ಓದಿದ ಮಗಳು ಬಿಎ ಅಂತಿದ್ದಾಳೆ, ಅನುಭವ ಇದ್ದವರು ಹೇಳಿ

ಪ್ರಶ್ನೆ, ಕೆಂಗೇರಿ ಉಪನಗರ: ಮಗಳಿಗೆ ಪಿಯುಸಿ ಸೈನ್ಸ್‌ನಲ್ಲಿ ಶೇ. 91. ಸಿಇಟಿಯಲ್ಲೂ ಒಳ್ಳೆ ರ‍್ಯಾಂಕ್. ಈಗ ಚರಿತ್ರೆ, ಸಮಾಜಶಾಸ್ತ್ರ ಓದ್ತೀನಿ, ಸಮಾಜ ಬದಲಾಗೋದು ಅಲ್ಲಿಂದ ಅಂತ ಹಟ ಹಿಡಿದಿದ್ದಾಳೆ. ನಮ್ಮನೆಯವರು ಮಾತು ಬಿಟ್ಟಿದ್ದಾರೆ. ಓದಿದವರು, ಓದಿಸಿದವರು ಹೇಳಿ.

ರಾಜಾಜಿನಗರದ ತಾಯಿ: ಮಗನನ್ನು ಖಾಸಗಿ ವಿಶ್ವವಿದ್ಯಾಲಯದಲ್ಲಿ ಲಿಬರಲ್ ಆರ್ಟ್ಸ್‌ಗೇ (ಚರಿತ್ರೆ, ಸಾಹಿತ್ಯ, ಸಮಾಜಶಾಸ್ತ್ರ ಎಲ್ಲ ಕೂಡಿಸಿ ಓದೋ ಕೋರ್ಸ್) ಹಾಕಿದ್ವಿ. ವರ್ಷಕ್ಕೆ ಫೀಸು 3.2 ಲಕ್ಷ, ಹಾಸ್ಟೆಲ್ 1.15 ಲಕ್ಷ, ಲ್ಯಾಪ್‌ಟಾಪ್ ಬೇರೆ 58 ಸಾವಿರ. ಕಾಷನ್ ಡೆಪಾಸಿಟ್ 20 ಸಾವಿರ ಇವತ್ತಿಗೂ ವಾಪಸ್ ಬಂದಿಲ್ಲ. ಸಾಲ ಏಳೂವರೆ ಲಕ್ಷ ದಾಟಿದ್ದಕ್ಕೆ ಬ್ಯಾಂಕಿನವರು ಅಡಮಾನ ಕೇಳಿದ್ರು. ಸೈಟು ಅತ್ತೆ ಹೆಸರಲ್ಲಿ, ಸಹಿ ಹಾಕಿಸೋಷ್ಟರಲ್ಲಿ ಮೈದುನ ನೀರು ಕುಡಿಸಿದ. ಆದರೂ ಹೆಮ್ಮೆಯಿದೆ. ಪಾತ್ರೆ ತೊಳೆಯೋಕೆ ಬರೋರ ಲೋಟ ನಮ್ಮನೇಲಿ ಬಚ್ಚಲ ಕಿಟಕಿ ಮೇಲಿರುತ್ತಿತ್ತು. ರಜಕ್ಕೆ ಬಂದವನು ಅದನ್ನು ತಂದು ನಮ್ಮ ಲೋಟಗಳ ಸಾಲಲ್ಲಿಟ್ಟ. ಅತ್ತೆ ರಂಪ ಮಾಡಿದ್ರು, ಅವನು ಜಗ್ಗಲಿಲ್ಲ.

ಅತಿಥಿ ಉಪನ್ಯಾಸಕ: ಅಷ್ಟು ದುಡ್ಡು ಸುರಿದರೇ ಬರೋ ಬುದ್ಧಿನಾ ಮೇಡಂ ಅದು? ನಾನು ಸರ್ಕಾರಿ ಕಾಲೇಜಲ್ಲಿ ರಾಜ್ಯಶಾಸ್ತ್ರ ಹೇಳ್ತೀನಿ. ಆ ಪಾತ್ರೆ ತೊಳೆಯೋರ ಮಕ್ಕಳು ಕೂರೋದು ನನ್ನ ಕ್ಲಾಸಲ್ಲಿ. ಒಬ್ಬಳು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಜೆರಾಕ್ಸ್ ಮಾಡಿಸಿ ಅಪ್ಪನ ಮುಂದಿಟ್ಟು ಅಣ್ಣಂದಿರ ಸಮ ಪಾಲು ಕೇಳಿದಳು. ನಮ್ಮ ಪಾಡು ಯಾರಿಗೆ ಬೇಕು! 2021ರಲ್ಲಿ ನಾಲ್ಕು ವರ್ಷದ ಪದವಿ ಅಂದ್ರು, 2024ರಲ್ಲಿ ಮತ್ತೆ ಮೂರೇ ವರ್ಷ ಅಂದ್ರು. ವರ್ಕ್‌ಲೋಡ್ ಲೆಕ್ಕ ಬದಲಾದಾಗ ಮೊದಲು ಕತ್ತರಿ ಬಿದ್ದಿದ್ದು ನನ್ನ ಅವಧಿಗಳಿಗೆ. ಗೌರವಧನ ಬಾಕಿ, ಬಾಡಿಗೆ 11 ಸಾವಿರ.

ಪೀಣ್ಯ ಮೆಕ್ಯಾನಿಕಲ್: ನೋಡಿ, ಸಂಬಳ ಇಲ್ಲ ಅಂತ ಅವರೇ ಹೇಳ್ತಿದ್ದಾರೆ. ನಮ್ಮಪ್ಪ ಗಾರೆ ಕೆಲಸದವರು. ನನ್ನ ಡಿಪ್ಲೊಮಾ, ಆಮೇಲೆ ಬಿಇ, ಅದರಿಂದಲೇ ತಂಗಿ ನರ್ಸಿಂಗ್ ಓದಿದಳು, ಮನೆಗೆ ಆರ್‌ಸಿಸಿ ಬಂತು. ಇದು ಬದಲಾವಣೆ ಅಲ್ವಾ? ಪ್ರಶ್ನೆ ಕೇಳೋದು ಬಿಎಯವರ ಆಸ್ತಿಯಲ್ಲ. ಎಚ್. ನರಸಿಂಹಯ್ಯನವರು ಫಿಸಿಕ್ಸ್ ಮೇಷ್ಟ್ರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ್ರು, ಬೆಂಗಳೂರು ವಿವಿ ಕುಲಪತಿಯಾಗಿದ್ದಾಗ ಪವಾಡಗಳ ತನಿಖೆಗೆ ಸಮಿತಿ ಮಾಡಿದ್ರು.

ಓದಿದವಳು, ಶ್ರೀರಾಂಪುರ: ಅಣ್ಣ, ಅಂಬೇಡ್ಕರ್ ಏನು ಓದಿದ್ರು ಅದನ್ನೂ ಹೇಳಿ. 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಕೊಲಂಬಿಯಾಕ್ಕೆ ಹೋಗಿ ಅರ್ಥಶಾಸ್ತ್ರದ ಜತೆ ಸಮಾಜಶಾಸ್ತ್ರ, ಚರಿತ್ರೆ, ಮಾನವಶಾಸ್ತ್ರ ಓದಿದ್ರು. ಜಾತಿ ಹುಟ್ಟಿದ್ದು ಹೇಗೆ ಅಂತ 1916ರಲ್ಲಿ ಪ್ರಬಂಧ ಮಂಡಿಸಿದ್ದು ಮಾನವಶಾಸ್ತ್ರದ ಸೆಮಿನಾರಲ್ಲೇ. ನಾನು ಕನ್ನಡ ಮೀಡಿಯಂ. ನಾಳೆ ಕ್ಲಾಸಿಗೆ 40 ಪುಟ ಇಂಗ್ಲಿಷ್ ಓದಿ ಬನ್ನಿ ಅಂತಿದ್ರು. ಜೆರಾಕ್ಸ್ ಅಂಚಿನ ತುಂಬ ಪೆನ್ಸಿಲ್‌ನಲ್ಲಿ ಕನ್ನಡ ಅರ್ಥ ಬರೆದುಕೊಂಡು ಓದಿದೆ. ಸ್ಕಾಲರ್‌ಶಿಪ್ ಬಂದಿಲ್ಲ ಅಂತ ಹಾಲ್ ಟಿಕೆಟ್ ತಡೆಹಿಡಿದ್ರು. ಅಮ್ಮ ಓಲೆ ಅಡ ಇಟ್ಟು 9,400 ಕಟ್ಟಿದ್ರು. ಇವತ್ತು ನಮ್ಮ ಬೀದಿ ಹೆಂಗಸರ ಅರ್ಜಿ ತಿರಸ್ಕಾರವಾದರೆ ಯಾವ ನಿಯಮದಡಿ ಅಂತ ಬರವಣಿಗೆಯಲ್ಲಿ ಕೇಳೋಳು ನಾನೇ.

ಪೀಣ್ಯ ಮೆಕ್ಯಾನಿಕಲ್: ಅರ್ಜಿ ಬರೆಯೋಕೆ ಪದವಿ ಯಾಕೆ?

ಅತಿಥಿ ಉಪನ್ಯಾಸಕ: ಬರೆಯೋಕಲ್ಲ ಸ್ವಾಮಿ, ತಿರುಗಿ ಕೇಳೋಕೆ. ನಿಮ್ಮ ಕಾರ್ಖಾನೇಲಿ ಕಾಂಟ್ರಾಕ್ಟ್ ಹುಡುಗರಿಗೆ ಪಿಎಫ್ ಕಟ್ತಾರಾ? ಯಾವತ್ತಾದ್ರೂ ಕೇಳಿದೀರಾ?

ಪೀಣ್ಯ ಮೆಕ್ಯಾನಿಕಲ್: ನನ್ನ ಕಾರ್ಖಾನೆ ಸುದ್ದಿ ನಿಮಗ್ಯಾಕೆ? ನಿಮ್ಮ ಬಾಕಿ ಗೌರವಧನ ಕೇಳ್ಕೊಳ್ಳಿ.

ರಾಜಾಜಿನಗರದ ತಾಯಿ: ದುಡ್ಡು ಸುರಿದ್ರಿ ಅಂದಿದ್ದನ್ನು ಉಪನ್ಯಾಸಕರು ವಾಪಸ್ ತಗೋಬೇಕು. ಇಎಂಐ 14,600, ಇನ್ನೂ ಕಟ್ತಿದ್ದೀವಿ.